ಯಾರ ಊರಿಗೂ ಬೇಡವಾದ ಹಾವು

ಬಣ್ಣದ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಬುದ್ಧಿ ಹೇಳುವವರು ಬಂದು ನಿಲ್ಲುತ್ತಾರೆ. ಇಷ್ಟು ವರ್ಷ ಕುಂಚ ಹಿಡಿದು ನಾನು ಕಲಿತದ್ದು ಇದೊಂದೇ. ಬಡಿಗನ ಮುಂದೆ ನಿಂತು ಬಾಚಿ ಹಿಡಿಯುವುದು ಹೀಗಲ್ಲ ಎಂದು ಯಾರೂ ಹೇಳುವುದಿಲ್ಲ. ಕ್ಷೌರದವನಿಗಂತೂ, ಕತ್ತಿ ಕುತ್ತಿಗೆಯ ಮೇಲಿರುವಾಗ, ಯಾರೂ ಏನೂ ಹೇಳುವುದಿಲ್ಲ. ಚಿತ್ರ ಬರೆಯುವವನಿಗೆ ಮಾತ್ರ ಊರೆಲ್ಲ ಗುರುಗಳು.

ಎಪ್ಪತ್ತರ ದಶಕದ ಕೊನೆಗೆ ನಾನು ಮತ್ತು ನನ್ನ ಗೆಳೆಯ ಸೇರಿ ಇಳಕಲ್ಲಿನಲ್ಲಿ ಒಂದು ಅಂಗಡಿ ಇಟ್ಟೆವು. ಹೊಟ್ಟೆಪಾಡಿಗೆ ಬೋರ್ಡು ಮತ್ತು ಲಾರಿಗಳ ಬೆನ್ನಿನ ಅಕ್ಷರ ಬರೆಯುತ್ತಿದ್ದೆವು. ಮನಸ್ಸಿನ ಸಂತೋಷಕ್ಕೆ ಆಟದ ಹಲಗೆ ಮಾಡುತ್ತಿದ್ದೆವು: ಕೇರಂ, ಪಗಡೆ, ಹುಲಿ-ಕುರಿ, ಹಾವು-ಏಣಿ. ಸೋತವನಿಗೂ ಹಲಗೆ ನೋಡಿ ಸಮಾಧಾನ ಆಗಬೇಕು, ಅಷ್ಟು ಚಂದ ಇರಬೇಕು ಎಂಬುದು ನಮ್ಮಿಬ್ಬರ ಹುಚ್ಚು.

ನನಗೆ ಇನ್ನೊಂದು ಹುಚ್ಚೂ ಇತ್ತು. ನಮ್ಮ ಸೀಮೆಯ ಊರುಗಳನ್ನೇ ಮನೆಗಳನ್ನಾಗಿ ಮಾಡಿ ಒಂದು ಹಾವು-ಏಣಿ ಬರೆಯಬೇಕು, ಅದು ಅಚ್ಚಾಗಬೇಕು, ಅದರ ಮೇಲೆ ನನ್ನ ಹೆಸರಿರಬೇಕು, ನಾಲ್ಕು ಊರಿನವರು ಆ ಹೆಸರು ಹೇಳಬೇಕು. ಬೋರ್ಡಿನ ಮೇಲೆ ಅಂಗಡಿಕಾರನ ಹೆಸರು ಮೊಳದುದ್ದ ಇರುತ್ತದೆ, ಬರೆದವನ ಹೆಸರು ಎಲ್ಲಿಯೂ ಇರುವುದಿಲ್ಲ. ನನಗೆ ಇದು ಒಳಗೊಳಗೇ ಚುಚ್ಚುತ್ತಿತ್ತು.

ಕಾವಲಿಲ್ಲದ ಕುರಿ

ಒಂದು ದಿನ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಒಬ್ಬ ಅಜ್ಜ ಬಂದ. ಊರ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಆಡಲು ಹುಲಿ-ಕುರಿ ಆಟ ಬೇಕು ಎಂದ. ಮೂರು ಹುಲಿ, ಹದಿನೈದು ಕುರಿ. ನಾನು ಕಟ್ಟಿಗೆಯ ಬಿಲ್ಲೆಗಳ ಮೇಲೆ ಎಲ್ಲವನ್ನೂ ಬರೆದಿಟ್ಟೆ.

ಅಜ್ಜ ಕುರಿಗಳ ಬಿಲ್ಲೆ ಒಂದೊಂದೇ ಎತ್ತಿ ನೋಡಿದ. "ಇವೆಲ್ಲಾ ಒಂದ ಕುರಿ ಅದಾವಲ್ಲೋ ತಮ್ಮಾ?"

"ಹೌದ್ರಿ ಅಜ್ಜಾ. ಕುರಿ ಅಂದ್ರ ಕುರಿನ ಅಲ್ರಿ?"

"ನನ್ನ ಹಿಂಡಿನ್ಯಾಗ ಇನ್ನೂರ ಅದಾವು. ಒಂದರ ಮಾರಿ ಇನ್ನೊಂದಕ್ಕಿಲ್ಲ."

ಹದಿನೈದಕ್ಕೂ ಬೇರೆ ಬೇರೆ ಮುಖ ಬರೆದೆ. ವಾರ ಹಿಡಿಯಿತು. ಅಜ್ಜ ಬಂದು ಒಂದಕ್ಕೆ ಜ್ವರ ಇದ್ದಂತಿದೆ ಎಂದ, ಅದನ್ನೂ ತಿದ್ದಿದೆ. ಆಮೇಲೆ ಹುಲಿಯ ಸರದಿ. "ನಮ್ಮ ಕಡೆ ಹುಲಿ ಯಾರ ಕಂಡಾರ? ತ್ವಾಳ ತಗಿ" ಎಂದ. ಹುಲಿ ಅಳಿಸಿ ಮೂರು ತೋಳ ಬರೆದೆ. ಇನ್ನು ಮುಗಿಯಿತು ಎಂದು ಕೈ ತೊಳೆಯಲು ಎದ್ದೆ.

"ಅಲ್ಲೋ ತಮ್ಮಾ, ಹದಿನೈದ ಕುರಿ ಅದಾವು, ಮೂರ ತ್ವಾಳ ಅದಾವು. ನಾಯಿ ಎಲ್ಲೆತಿ?"

"ಅಜ್ಜಾ, ಈ ಆಟದಾಗ ನಾಯಿ ಇರಂಗಿಲ್ರಿ."

"ನಾಯಿ ಇಲ್ದ ಕುರಿ ಬಿಡು ಅಂತೀ? ನೀ ಏನ್ ಮನಷ್ಯಾ ಅದೀ!"

ನಾಯಿಯನ್ನೂ ಬರೆದುಕೊಟ್ಟೆ. ಆರು ತಿಂಗಳ ಮೇಲೆ ಸಂತೆಯಲ್ಲಿ ಸಿಕ್ಕಾಗ, ಆಟ ಹೇಗೆ ನಡೆದಿದೆ ಎಂದು ಕೇಳಿದೆ. ಅಜ್ಜ ಬಹಳ ಸಮಾಧಾನದಿಂದ ಹೇಳಿದ: "ಇಲ್ಲೀತನಾ ಒಂದ ಕುರಿ ಸೈತ ಹೋಗಿಲ್ಲ ನೋಡು."

ನಾಲ್ಕನೆಯವ

ಪಗಡೆಯ ಹಾಸನ್ನು, ರವಿಕೆಗೆಂದು ನೇಯುವ ಗುಳೇದಗುಡ್ಡದ ಖಣದಲ್ಲೇ ನೇಯಿಸಿದರೆ ಹೇಗೆ ಎಂದು ಗೆಳೆಯನ ತಲೆಯಲ್ಲಿ ಹೊಕ್ಕಿತು. ತಲೆಯಲ್ಲಿ ಹೊಕ್ಕದ್ದು ಅವನದು, ಬಸ್ಸು ಹತ್ತಿ ಹೋದವನು ನಾನು. ನಾಲ್ಕು ದಿಕ್ಕಿಗೆ ನಾಲ್ಕು ಪಟ್ಟಿ, ನಡುವೆ ಒಂದು ಚೌಕ, ಎಲ್ಲ ಅಳತೆ ಹಾಕಿ ಬರೆದ ಕಾಗದವನ್ನು ನೇಕಾರನ ಕೈಗೆ ಕೊಟ್ಟೆ. ಅವನು ನೋಡಿ, "ಸಸಾರ ಬಿಡ್ರಿ" ಎಂದ. ಕೆಲಸ ಸುಲಭ ಎಂದು ಅವನು ಅಂದಾಗಲೇ ನಾನು ಹೆದರಬೇಕಿತ್ತು.

ತಿಂಗಳ ಮೇಲೆ ಹೋದೆ. ನೇಯ್ಗೆ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಆದರೆ ಪಟ್ಟಿ ಎಣಿಸಿದರೆ ಮೂರೇ.

"ಇನ್ನೊಂದ್ ಪಟ್ಟಿ ಎಲ್ಲಿ ಹೋತ್ರಿ?"

"ಖಣದ ಅಗಲ ಮುಗೀತಲ್ರಿ. ಮಗ್ಗ ಇದ್ದಷ್ಟ ನೇಯಬೇಕು."

"ಪಗಡಿ ನಾಕ್ ಮಂದಿ ಆಡೂದ್ರಿ!"

ಅವನು ಲಾಳಿ ನಿಲ್ಲಿಸಿ ಪಟ್ಟಿಗಳನ್ನು ತಾನೂ ಒಂದು ಸಲ ಎಣಿಸಿದ. "ಮೂರ್ ಮಂದಿ ಆಡ್ರಿ. ನಾಕನೇದಾಂವ ಚಾ ಮಾಡ್ಲಿ."

ಕಮಲದ ಕೇರಂ

ಈ ಪ್ರಸಂಗದಲ್ಲಿ ತಪ್ಪು ಗಿರಾಕಿಯದಲ್ಲ, ನಮ್ಮದೇ. ಸರಿಯಾಗಿ ಹೇಳಬೇಕೆಂದರೆ ನನ್ನ ಗೆಳೆಯನದು. ಬಾಗಲಕೋಟೆಯ ಒಂದು ಕ್ಲಬ್ಬಿನವರು ಕೇರಂ ಹಲಗೆ ಮಾಡಲು ಹೇಳಿದ್ದರು. ನಾನು ಗೆರೆ ಹಾಕಿ ಕೊಟ್ಟೆ. ನಡುವಿನ ವರ್ತುಲದಲ್ಲಿ ಒಂದು ಸಣ್ಣ ಕಮಲ ಬರೆಯುತ್ತೇನೆ ಎಂದು ಗೆಳೆಯ ಕುಳಿತ. ಎಣ್ಣೆಬಣ್ಣ, ಒಂದರ ಮೇಲೊಂದು ಪದರ. ನಾಲ್ಕು ದಿನಕ್ಕೆ ದಳಗಳು ಹಲಗೆಯಿಂದ ಎದ್ದು ನಿಂತವು.

"ಲೇ, ಇದರ ಮ್ಯಾಲ ಕಾಯಿ ಹೆಂಗ ಓಡ್ತಾವಲೇ?" ಎಂದು ಕೇಳಿದೆ.

"ಕಾಯಿ ಓಡೂದ ಮುಖ್ಯ ಏನ್ಲೇ ನಿನಗ? ಕಲಾ ಅಂಬೂದ ಒಂದ ಐತಿ."

ಕ್ಲಬ್ಬಿಗೆ ಒಯ್ದು ಕೊಟ್ಟೆವು. ಮೊದಲನೆಯ ಹೊಡೆತಕ್ಕೇ ಕಾಯಿಗಳೆಲ್ಲ ದಳಗಳ ಸಂದಿಗೆ ಸಿಕ್ಕಿ ಕುಳಿತವು. ಕೆಂಪು ಕಾಯಿಯಂತೂ ನಡುವಿನಿಂದ ಅಲ್ಲಾಡಲೇ ಇಲ್ಲ. ನಾನು ಬಾಗಿಲ ಕಡೆ ಸರಿಯುತ್ತಿದ್ದೆ. ಕ್ಲಬ್ಬಿನ ಹಿರಿಯರು ಮಾತ್ರ ಒಂದು ಕೆಟ್ಟ ಮಾತೂ ಆಡಲಿಲ್ಲ. ಹಲಗೆ ಎತ್ತಿ ಗೋಡೆಗೆ ತೂಗುಹಾಕಿಸಿದರು, ದೂರ ನಿಂತು ನೋಡಿದರು. "ಭಾಳ ಚಂದ ಆಗೇತ್ರಿ" ಎಂದರು. ಗೆಳೆಯ ಎದೆ ಉಬ್ಬಿಸಿ ನಿಂತ. ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಇನ್ನೊಂದ ಹಲಗಿ ಕಳಸ್ರಿ. ಅದನ್ನ ನೀವೊಬ್ಬರ ಮಾಡ್ರಿ."

ನನ್ನ ಹಾವು-ಏಣಿ

ಕೊನೆಗೂ ನನ್ನ ಆಟ ಬರೆದು ಮುಗಿಸಿದೆ. ಒಂದರಿಂದ ನೂರು ಮನೆ. ನೂರರಲ್ಲಿ ಕೂಡಲಸಂಗಮ, ಅದಕ್ಕೆ ಯಾರ ತಕರಾರೂ ಬರುವಂತಿರಲಿಲ್ಲ. ಉಳಿದ ಮನೆಗಳಲ್ಲಿ ನಮ್ಮ ಊರುಗಳು, ಎಂಟು ಏಣಿ, ಎಂಟು ಹಾವು. ಎಲ್ಲಕ್ಕಿಂತ ಉದ್ದದ ಹಾವಿನ ಬಾಯಿಯನ್ನು ಕುಳಗೇರಿ ಕ್ರಾಸಿನಲ್ಲಿ ಇಟ್ಟಿದ್ದೆ. ಅಲ್ಲಿ ಬಸ್ಸಿಗೆ ಕಾಯ್ದು ಕಾಯ್ದು ಅರ್ಧ ಆಯುಷ್ಯ ಕಳೆದವನು ನಾನು, ಅನುಭವದ ಮಾತು.

ಬಾಗಲಕೋಟೆಯ ಪುಸ್ತಕದ ಅಂಗಡಿಯವರೊಬ್ಬರು ಅಚ್ಚು ಹಾಕಿಸಲು ಒಪ್ಪಿದರು. ಒಂದೇ ಕರಾರು: "ಎಂಟ್ ದಿನ ಅಂಗಡ್ಯಾಗ ತೂಗಹಾಕ್ತೇನಿ. ಮಂದಿ ಮೆಚ್ಚಿದ್ರ ಅಚ್ಚ ಹಾಕೂಣು." ನಾನು ದಿನ ಎಣಿಸುತ್ತ ಕುಳಿತೆ.

ಎರಡನೆಯ ದಿನವೇ ಕರೆ ಬಂತು. ತುಳಸಿಗೇರಿಯವರು ಬಂದು ಹೋಗಿದ್ದರು. "ಹನುಮಪ್ಪನ ಊರಾಗ ಹಾವ್ ಬಿಡೂದಂದ್ರ ಏನ್ರಿ?" ಹಾವು ತೆಗೆದೆ. ಏಣಿ ಹಾಕಿಸುತ್ತೇನೆ ಎಂದು ಅಂಗಡಿಯವರು ಮಾತು ಕೊಡುವ ತನಕ ಅವರು ಎದ್ದು ಹೋಗಿರಲಿಲ್ಲವಂತೆ, ಅದನ್ನೂ ಹಾಕಿದೆ. ಮರುದಿನ ಗುಳೇದಗುಡ್ಡದವರು: ನಮ್ಮ ಊರಿನ ಮಗ್ಗ ಏನು ಪಾಪ ಮಾಡಿದೆ? ಆಮೇಲೆ ಬಾದಾಮಿಯವರು: ಹಾವು ಇರಲಿ, ಆದರೆ ಬಾಲ ಇರಲಿ, ಬಾಯಿ ಬೇಡ. ಕುಳಗೇರಿ ಕ್ರಾಸಿನ ಚಹಾದ ಅಂಗಡಿಯವನು ಬಸ್ಸು ಹಿಡಿದು ಬಂದು ನನ್ನನ್ನೇ ಕೇಳಿದ: "ನಮ್ಮ ಕ್ರಾಸಿನ್ಯಾಗ ಬಸ್ ಸಿಗಂಗಿಲ್ಲ ಅಂತ ಯಾವ ಮಗಾ ಹೇಳ್ಯಾನ್ರಿ?" ಹಾಗೆ ಕೇಳಲು ಹೊರಟವನಿಗೆ ಅಲ್ಲಿ ಬಸ್ಸು ಸಿಗಲು ಮೂರು ತಾಸು ಹಿಡಿದಿತ್ತು. ಆದರೂ ಹಾವು ತೆಗೆದೆ.

ಏಳು ಹಾವು ಹೀಗೆ ಹೋದವು. ಉಳಿದ ಒಂದನ್ನು ಯಾರಿಗೂ ಗೊತ್ತಾಗದಂತೆ ತೊಂಬತ್ತೊಂಬತ್ತರಲ್ಲಿ, ಹುನಗುಂದದ ಮನೆಯಲ್ಲಿ ಇಟ್ಟೆ. ಹುನಗುಂದ ನನ್ನ ಹೆಂಡತಿಯ ತವರು ಎಂಬುದು ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ. ಅವಳಿಗೆ ನೆನಪಿತ್ತು.

"ನಮ್ಮಪ್ಪ ನಿಮಗೇನ್ ಮಾಡ್ಯಾನ್ರಿ?" ಎಂದು ಕೇಳಿ, ನನ್ನ ಊಟದ ತಾಟು ಎತ್ತಿಕೊಂಡು ಒಳಗೆ ಹೋದಳು.

ರೋಸಿಹೋಯಿತು. ಹಾವೇ ಬೇಡ, ಬರೀ ಏಣಿ ಆಟ ಮಾಡೋಣ ಎಂದೆ. ಪುಸ್ತಕದ ಅಂಗಡಿಯವರು ಒಪ್ಪಲಿಲ್ಲ. "ಒಂದರ ಹಾವ್ ಬೇಕ್ರಿ. ಇಲ್ಲಾಂದ್ರ ಆಟ ಆಗಂಗಿಲ್ಲ. ಯಾರೂ ಜಗಳಕ್ಕ ಬರಲಾರದ ಜಾಗಾದಾಗ ಇಡ್ರಿ." ಅಂಥ ಜಾಗ ಈ ಸೀಮೆಯಲ್ಲಿ ಒಂದೇ ಇತ್ತು, ನಮ್ಮ ಅಂಗಡಿ. ಹುನಗುಂದವನ್ನು ತೊಂಬತ್ತೆಂಟಕ್ಕೆ ಸರಿಸಿ, ತೊಂಬತ್ತೊಂಬತ್ತರಲ್ಲಿ ನಮ್ಮ ಅಂಗಡಿ ಬರೆದೆ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ನನ್ನ ಹೆಸರು ಹಾಕಿ, ಅದರ ಕೆಳಗೇ ಹಾವಿನ ಬಾಯಿ ಇಟ್ಟೆ. ಗೆಳೆಯನ ಹೆಸರೂ ಸೇರಿಸಲೇ ಎಂದು ಕೇಳಿದೆ. ಅವನು ಚಿತ್ರವನ್ನು ಒಂದು ಸಲ ದಿಟ್ಟಿಸಿ ನೋಡಿ, "ಬ್ಯಾಡಪಾ, ಪೂರಾ ನಿಂದ ಇರ್ಲಿ" ಎಂದ. ಎಷ್ಟು ದೊಡ್ಡ ಮನಸ್ಸು ಎಂದು ನನ್ನ ಕಣ್ಣು ತುಂಬಿ ಬಂತು.

ಆಟ ಅಚ್ಚಾಯಿತು, ಮಾರಾಟವೂ ಆಯಿತು. ಆದರೆ ನನ್ನ ಹೆಸರು ಯಾರ ಬಾಯಲ್ಲೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಹುಬ್ಬಳ್ಳಿಯಿಂದ ಬಂದು, ಬಾದಾಮಿಗೆ ಹೋಗಲು ಕುಳಗೇರಿ ಕ್ರಾಸಿನಲ್ಲಿ ಇಳಿದೆ. ಬಸ್ಸಿರಲಿಲ್ಲ. ಚಹಾದ ಅಂಗಡಿಯ ಬೆಂಚಿನ ಮೇಲೆ ಅದೇ ಅಂಗಡಿಯವನು ಒಬ್ಬ ಲಾರಿ ಡ್ರೈವರನ ಜೊತೆ ನನ್ನ ಆಟ ಹಾಸಿಕೊಂಡು ಕುಳಿತಿದ್ದ. ನನ್ನ ಗುರುತು ಹತ್ತಲಿಲ್ಲ ಅವನಿಗೆ. ಸ್ವಲ್ಪ ದೂರ ನಿಂತು ಆಟ ನೋಡತೊಡಗಿದೆ. ಡ್ರೈವರನ ಕಾಯಿ ತೊಂಬತ್ತೊಂಬತ್ತಕ್ಕೆ ಬಂತು. ಅಂಗಡಿಯವನು ತೊಡೆ ತಟ್ಟಿ, ಕ್ರಾಸಿಗೆಲ್ಲ ಕೇಳುವಂತೆ ನನ್ನ ಹೆಸರು ಕೂಗಿದ. ಹೆಸರು, ಮನೆತನದ ಅಡ್ಡಹೆಸರು ಎರಡೂ. ಜನ್ಮ ಸಾರ್ಥಕವಾಯಿತು ಎನಿಸಿತು.

ತಡೆಯಲಾರದೆ ಹತ್ತಿರ ಹೋಗಿ ಕೇಳಿದೆ: "ಯಾರ್ರಿ ಅಂವಾ?"

"ಯಾರೂ ಅಲ್ರಿ, ಹಾವಿನ ಹೆಸರು" ಎಂದ ಅಂಗಡಿಯವನು. "ಈ ಸುತ್ತ ಹತ್ತ ಹಳ್ಳ್ಯಾಗ ಎಲ್ಲಾರೂ ಹಂಗ ಕರೀತಾರ. ಭಾಳ ಕೆಟ್ಟ ಜಾತಿದರಿ, ಇನ್ನೇನ ಸಂಗಮ ಮುಟ್ಟಿದ್ವಿ ಅನ್ನೂದ್ರಾಗ ಕಡೀತೈತಿ." ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. "ನೀವೂ ಕುಂದರ್ರಿ, ಒಂದ ಆಟ ಆಡ್ರಿ. ಬಸ್ ಏನ್ ಈಗ ಬರಂಗಿಲ್ಲ."