ಬೆಲ್ಲದ ಮಂಡಿಯ ಪರರಾಷ್ಟ್ರ ನೀತಿ

ಮೂರನೆಯ ಮಹಾಯುದ್ಧ ಇನ್ನೂ ಏಕೆ ಆಗಿಲ್ಲ ಎಂದು ನೀವು ಯಾವತ್ತಾದರೂ ಯೋಚಿಸಿದ್ದೀರಾ? ದೊಡ್ಡ ದೇಶಗಳ ದೊಡ್ಡ ಮನುಷ್ಯರು ವಿವೇಕಿಗಳು, ಅದಕ್ಕೇ ಆಗಿಲ್ಲ ಎಂದುಕೊಂಡಿದ್ದರೆ ನಿಮ್ಮ ಅಮಾಯಕತನಕ್ಕೆ ಏನು ಹೇಳಲಿ! ಅದಕ್ಕೆ ಕಾರಣ ನಮ್ಮ ಚಿಕ್ಕಪ್ಪ. ಕೊಳ್ಳೇಗಾಲದ ಪೇಟೆ ಬೀದಿಯಲ್ಲಿ ಮನೆಯ ಮುಂಭಾಗದಲ್ಲೇ ಬೆಲ್ಲದ ಮಂಡಿ ಇಟ್ಟುಕೊಂಡು, ಬೆಲ್ಲದ ವ್ಯಾಪಾರವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾಡುತ್ತಿದ್ದವರು ಅವರು. ಕೊರಿಯಾದಲ್ಲಿ ಯಾರು ಎಲ್ಲಿ ನಿಲ್ಲಬೇಕು, ರಷ್ಯಾ ಎಷ್ಟು ಹೊತ್ತು ಸುಮ್ಮನಿರಬೇಕು, ಅಮೆರಿಕ ಯಾವಾಗ ಕೆಮ್ಮಬೇಕು, ಎಲ್ಲವೂ ನಮ್ಮ ಜಗಲಿಯ ಮೇಲೆಯೇ ತೀರ್ಮಾನವಾಗುತ್ತಿತ್ತು. ಆ ದೇಶಗಳಿಗೆ ಮಾತ್ರ ಅದು ಗೊತ್ತಿರಲಿಲ್ಲ, ಅಷ್ಟೆ.

ನನ್ನ ಅಪ್ಪ ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡರು. ನನ್ನನ್ನು ಸಾಕಿದವರು ಚಿಕ್ಕಪ್ಪ, ಚಿಕ್ಕವ್ವ. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಚಿಕ್ಕಪ್ಪನ ಪ್ರೀತಿಯೆಲ್ಲ ನನಗೆ ಮತ್ತು ಮಂಡಿಯ ಗೋಡೆಗೆ ಅಂಟಿಸಿದ್ದ ಪ್ರಪಂಚದ ಭೂಪಟಕ್ಕೆ ಸರಿಸಮವಾಗಿ ಹಂಚಿಕೆಯಾಗಿತ್ತು. ಕೆಲವು ದಿನ ಭೂಪಟಕ್ಕೆ ಸ್ವಲ್ಪ ಜಾಸ್ತಿ.

ಆ ಭೂಪಟದ ಪಾಡು ಕೇಳಬೇಡಿ. ಚಿಕ್ಕಪ್ಪ ಬೆಲ್ಲದ ಅಚ್ಚು ಮುಟ್ಟಿದ ಕೈಯಲ್ಲೇ ದೇಶಗಳನ್ನು ತೋರಿಸುತ್ತಿದ್ದರು. ಮಾರನೆಯ ಬೆಳಿಗ್ಗೆ ಅಲ್ಲಿ ಇರುವೆಗಳ ದಂಡಯಾತ್ರೆ! ಇಟಲಿಯನ್ನಂತೂ ಪೂರ್ತಿಯಾಗಿ ತಿಂದುಹಾಕಿದ್ದವು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಇರುವೆ ಒರೆಸಿ ಪ್ರಪಂಚವನ್ನು ಚೊಕ್ಕಟ ಮಾಡುವುದು ನನ್ನ ಪಾಲಿನ ಕೆಲಸ. ಒರೆಸುತ್ತಿರುವಾಗ ಚಿಕ್ಕಪ್ಪ ಪಕ್ಕದಲ್ಲಿ ನಿಂತು, ‘ಮೆತ್ಗೆ ಕಣವ್ವ, ಜಪಾನು ಕಿತ್ತೋಗ್ಬುಟ್ಟಾತು’ ಎಂದು ಎಚ್ಚರಿಸುತ್ತಿದ್ದರು. ಆಮೇಲೆ ಅವತ್ತಿನ ಲೋಕವ್ಯವಹಾರವನ್ನೆಲ್ಲ ಮೊದಲು ನನಗೆ ಹೇಳುತ್ತಿದ್ದರು. ನಾನು ಹೂಂ ಅಂದರೆ ಮಾತ್ರ ಅದು ಸಭೆಗೆ ಹೋಗುತ್ತಿತ್ತು.

ಸಭೆ ಅಂದೆನಲ್ಲ, ಅದರ ಹೆಸರು ‘ಪರರಾಷ್ಟ್ರ ವಿಚಾರ ಸಭೆ’. ಚಿಕ್ಕಪ್ಪ ಅಧ್ಯಕ್ಷರು. ಸಲಹೆಗಾರರಾಗಿ ಇಬ್ಬರು ತಜ್ಞರು. ಒಬ್ಬರು ಪಿಂಚಣಿ ಪಡೆದ ಸ್ಕೂಲು ಮೇಷ್ಟ್ರು. ಅವರು ಯೂರೋಪು, ಅಮೆರಿಕ ಎರಡಕ್ಕೂ ತಜ್ಞರಾದದ್ದು ಆ ಬೀದಿಯಲ್ಲಿ ಪತ್ರಿಕೆ ತರಿಸುತ್ತಿದ್ದವರು ಅವರೊಬ್ಬರೇ ಎಂಬ ಕಾರಣಕ್ಕೆ. ಪತ್ರಿಕೆ ಮೈಸೂರಿನಿಂದ ಬಸ್ಸಿನ ಮೇಲೆ ಕೂತು ಧೂಳು ಕುಡಿದು ಬರುವಷ್ಟರಲ್ಲಿ ಸುದ್ದಿ ಹಳಸಿರುತ್ತಿತ್ತು. ಇವತ್ತು ಸಭೆ ಕೂತು ‘ಸೈನ್ಯ ಹಿಂದಕ್ಕೆ ಸರಿಯತಕ್ಕದ್ದು’ ಎಂದು ನಿರ್ಣಯ ಮಾಡಿದರೆ ನಾಳೆಯ ಪತ್ರಿಕೆಯಲ್ಲಿ ಆ ಸೈನ್ಯ ಆಗಲೇ ಹಿಂದೆ ಸರಿದ ಸುದ್ದಿ! ಚಿಕ್ಕಪ್ಪ ತೊಡೆ ತಟ್ಟಿಕೊಂಡು, ‘ನೋಡಿದ್ರಾ ಮೇಷ್ಟ್ರೇ, ನಮ್ಮ ಮಾತು ಎಷ್ಟು ಬಿರ್ನೆ ಮುಟ್ತು’ ಎನ್ನುತ್ತಿದ್ದರು.

ಇನ್ನೊಬ್ಬ ತಜ್ಞರು ಬಸ್ರಾ ಮಾದಪ್ಪನವರು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಪಟಾಲಮ್ಮಿನ ಜೊತೆ ಹಡಗು ಹತ್ತಿ ಅರಬ್ಬರ ನಾಡಿನ ಬಸ್ರಾಕ್ಕೆ ಹೋಗಿ ಬಂದವರು. ಅಲ್ಲಿ ಅವರು ಮಾಡಿದ್ದು ಹೇಸರಗತ್ತೆ ಕಾಯುವ ಕೆಲಸ. ಹಾಗಾಗಿ ಅವರ ರಾಜನೀತಿಯೆಲ್ಲ ಹೇಸರಗತ್ತೆಯಿಂದಲೇ ಬಂದದ್ದು. ಯಾವ ದೇಶದ ಮಾತು ಬಂದರೂ ಕಣ್ಣು ಅರೆಮುಚ್ಚಿ ಹೇಳುತ್ತಿದ್ದರು: ‘ಯೇಸ್ರಗತ್ತೆಯ ಅಗ್ಗ ಇಡ್ಕಂಡು ಜಗ್ಗುದ್ರೆ ಬರಕಿಲ್ಲ ಸಾವ್ಕಾರ್ರೆ. ಬೆನ್ನು ತಿರುಗಿಸ್ಕಂಡು ನಿಂತ್ಕಬೇಕು. ಅದೇ ಬತ್ತದೆ.’ ಇದಕ್ಕೆ ಸಭೆಯಲ್ಲಿ ‘ಮಾದಪ್ಪ ಸಿದ್ಧಾಂತ’ ಎಂಬ ಹೆಸರಿತ್ತು. ಬರ್ಲಿನ್ನಿಗೂ ಅದೇ, ಕೊರಿಯಾಕ್ಕೂ ಅದೇ.

ನಿರ್ಣಯಗಳನ್ನು ಕಾರ್ಡಿನಲ್ಲಿ ಬರೆದು ದೆಹಲಿಗೆ ಅಂಚೆಗೆ ಹಾಕುತ್ತಿದ್ದರು. ಯಾವತ್ತೂ ಉತ್ತರ ಬಂದದ್ದಿಲ್ಲ. ಚಿಕ್ಕವ್ವ ಒಮ್ಮೆ, ‘ಅಲ್ಲ, ಅವರು ಓದ್ತಾರೋ ಒಲೆಗೆ ಆಕ್ತಾರೋ’ ಎಂದು ಕೇಳಿದರು. ಚಿಕ್ಕಪ್ಪ ಗಂಭೀರವಾಗಿ, ‘ಬ್ಯಾಡ ಅಂದಿದ್ರೆ ಬರೀತಿದ್ರು. ಬರ್ದಿಲ್ಲ ಅಂದ್ರೆ ಒಪ್ಕಂಡವ್ರೆ ಅಂತ’ ಎಂದರು. ಇದು ಸಭೆಯ ಎರಡನೆಯ ಸಿದ್ಧಾಂತ. ಈ ಎರಡು ಸಿದ್ಧಾಂತಗಳನ್ನು ದಯವಿಟ್ಟು ನೆನಪಿಡಿ. ಮುಂದೆ ನನ್ನ ಬಾಳು ಇವೆರಡರ ನಡುವೆ ಸಿಕ್ಕಿ ನುಜ್ಜುಗುಜ್ಜಾಗುವುದರಲ್ಲಿತ್ತು.

ಯಾರಾದರೂ ಬೆಲ್ಲ ಕೊಳ್ಳಲು ಬಂದರೆ ಏನಾಗುತ್ತಿತ್ತು ಅನ್ನುತ್ತೀರಾ? ಶಾಗ್ಯದಿಂದ ಬಂದ ಒಬ್ಬ ರೈತ ಹಬ್ಬಕ್ಕೆ ಬೆಲ್ಲ ಕೇಳಿದ. ‘ತಡಿಯಪ್ಪ, ಕೊರಿಯಾ ಒಸಿ ಇಕ್ಕಟ್ಟಲ್ಲಿ ಅದೆ’ ಎಂದರು ಚಿಕ್ಕಪ್ಪ. ಆತ ಪಾಪ, ಕೊರಿಯಾ ಅಂದರೆ ಚಿಕ್ಕಪ್ಪನ ನೆಂಟರ ಪೈಕಿ ಯಾರೋ ಕಾಯಿಲೆ ಬಿದ್ದವರು ಅಂದುಕೊಂಡ. ‘ಗುಣ ಆಯ್ತದೆ ಬುಡಿ ಸಾ, ಮಾದೇಶ್ವರನಿಗೆ ಮುಡಿಪು ಕಟ್ಟಿ’ ಎಂದು ಸಮಾಧಾನ ಹೇಳಿ, ಪಕ್ಕದ ಮಂಡಿಯಲ್ಲಿ ಬೆಲ್ಲ ಕೊಂಡು ಹೋದ.

ಆ ಕಾಲದಲ್ಲಿ ನಮ್ಮ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿಗೆ. ನಡುವೆ ರಸ್ತೆಯ ಪಕ್ಕದಲ್ಲಿ ಒಂದು ಎಲ್ಲೆ ಕಲ್ಲು. ಎಮ್ಮೆಗಳು ಮೈ ಉಜ್ಜಿಕೊಳ್ಳುವುದನ್ನು ಬಿಟ್ಟರೆ ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಚಿಕ್ಕಪ್ಪ ಬಿಡುತ್ತಾರೆಯೇ? ಯಳಂದೂರಿನ ಬಸ್ಸು ಹತ್ತಿದರೆ ಆ ಕಲ್ಲಿನ ಹತ್ತಿರ ‘ಹೋಲ್ಡಾನ್’ ಎಂದು ಬಸ್ಸು ನಿಲ್ಲಿಸಿ, ಕೆಳಗಿಳಿದು, ರುಮಾಲು ಸರಿಮಾಡಿಕೊಂಡು, ಮದರಾಸಿನಿಂದ ಮೈಸೂರಿಗೆ ಕಾಲ್ನಡಿಗೆಯಲ್ಲಿ ದಾಟಿ, ಮತ್ತೆ ಬಸ್ಸು ಹತ್ತುತ್ತಿದ್ದರು. ಪರರಾಷ್ಟ್ರವನ್ನು ಕೂತುಕೊಂಡು ಪ್ರವೇಶಿಸುವುದು ಮರ್ಯಾದೆಯಲ್ಲವಂತೆ. ಮೊದಲ ಸಲ ಕಂಡಕ್ಟರು ಕನಿಕರದಿಂದ, ‘ಒಟ್ಟೆ ಸರಿ ಇಲ್ವಾ ಸಾ?’ ಎಂದು ಕೇಳಿದ್ದನಂತೆ.

ಇಂಥ ಮನೆಗೆ ಹೊನ್ನೂರಿನಿಂದ ನನ್ನನ್ನು ನೋಡಲು ಬಂದರು. ಹೊನ್ನೂರು ಯಳಂದೂರು ತಾಲ್ಲೂಕು, ಅಂದರೆ ಪರರಾಷ್ಟ್ರ! ಕಬ್ಬಿನ ಗದ್ದೆ, ಆಲೆಮನೆ ಇದ್ದ ಮನೆತನ. ಹುಡುಗ ಉಪ್ಪಿಟ್ಟು ತಿನ್ನುವುದನ್ನು ಬಿಟ್ಟು ಗೋಡೆಯ ಭೂಪಟ ನೋಡುತ್ತಾ ಕೂತಿದ್ದ. ‘ಇದ್ಯಾಕೆ, ಇಟಲಿನೇ ಕಾಣದಿಲ್ಲ?’ ಎಂದ. ಬಾಗಿಲ ಮರೆಯಲ್ಲಿದ್ದ ನನ್ನ ಬಾಯಿಂದ, ‘ಇರುವೆ ತಿಂದವು’ ಎಂದು ಬಂದುಬಿಟ್ಟಿತು. ಅವನು ನಕ್ಕ. ನಾನು ಸೆರಗು ಬಾಯಿಗೆ ತುರುಕಿಕೊಂಡು ಅಡಿಗೆಮನೆಗೆ ಓಡಿದೆ. ಮದುವೆ ಅಂತ ಆದರೆ ಇವನನ್ನೇ ಅಂತ ಆಗಲೇ ನನ್ನ ಮನಸ್ಸು ಹೇಳಿತ್ತು.

ಗಂಡಿನವರು ಒಪ್ಪಿಗೆ ಹೇಳಿಕಳಿಸಿದರು. ಇನ್ನು ನಮ್ಮವರು ಹೋಗಿ ಅವರ ಮನೆ ನೋಡಬೇಕು. ನಮ್ಮ ಕಡೆ ಅದಕ್ಕೊಂದು ಪದ್ಧತಿ ಇದೆ. ಗಂಡಿನ ಮನೆಯಲ್ಲಿ ಸಿಹಿ ಮಾಡಿ ಎಲೆ ಹಾಕುತ್ತಾರೆ. ಹೆಣ್ಣಿನವರು ಉಂಡರೆ ಸಂಬಂಧ ಗಟ್ಟಿ. ಉಣ್ಣದೆ ಎದ್ದರೆ ‘ನಿಮ್ಮ ಮನೆ ಅನ್ನ ನಮ್ಮ ಹುಡುಗಿಗೆ ಬೇಡ’ ಎಂದು ಅರ್ಥ. ಬಾಯಿ ಬಿಟ್ಟು ಯಾರೂ ಏನೂ ಹೇಳುವುದಿಲ್ಲ, ಎಲೆಯೇ ಎಲ್ಲವನ್ನೂ ಹೇಳುತ್ತದೆ. ಇದು ಎಲ್ಲರಿಗೂ ಗೊತ್ತು. ಚಿಕ್ಕಪ್ಪನಿಗೂ ಗೊತ್ತು.

ಆದರೆ ಹೊರಡುವ ಹಿಂದಿನ ದಿನ ಸಭೆ ಸೇರಿತಲ್ಲ! ಮೇಷ್ಟ್ರು, ‘ಮೊದಲ ಮಾತುಕತೆಯಲ್ಲೇ ಒಪ್ಪಿಗೆ ಕೊಡುವುದು ಯಾವ ದೇಶದಲ್ಲೂ ರೂಢಿಯಿಲ್ಲ. ಪರಿಶೀಲನೆಯಲ್ಲಿದೆ ಅನ್ನಬೇಕು’ ಎಂದರು. ಮಾದಪ್ಪನವರು ಕಣ್ಣು ಅರೆಮುಚ್ಚಿದರು. ‘ಎಲೆ ಕಂಡೇಟ್ಗೆ ಕೈ ಆಕ್ಬುಟ್ರೆ ನಮಗೇ ಆತುರ ಅಂದ್ಕತಾರೆ. ಬೆನ್ನು ತಿರುಗ್ಸಿ. ಅವ್ರೇ ಬತ್ತಾರೆ.’ ಚಿಕ್ಕವ್ವ ಒಳಗಿನಿಂದ, ‘ಅದು ಯೇಸ್ರಗತ್ತೆ ಅಲ್ಲ ಕಣ್ರಿ, ಬೀಗ್ರ ಮನೆ’ ಎಂದು ಕೂಗಿದರು. ಚಿಕ್ಕವ್ವ ಸದಸ್ಯರಲ್ಲದ ಕಾರಣ ಅದು ದಾಖಲಾಗಲಿಲ್ಲ.

ಮೂವರೂ ಎಲ್ಲೆ ಕಲ್ಲಿನ ಹತ್ತಿರ ಸಾಲಾಗಿ ಇಳಿದು, ದಾಟಿ, ಹತ್ತಿ, ಹೊನ್ನೂರು ಮುಟ್ಟಿದರು. ಒಬ್ಬಟ್ಟು, ಪಾಯಸ, ಮೇಲೆ ಧಾರಾಳವಾಗಿ ತುಪ್ಪ. ಮೂವರೂ ಎಲೆಯ ಮುಂದೆ ಕೈಕಟ್ಟಿ ಕೂತು, ನೀರು ಮಾತ್ರ ಕುಡಿದು, ‘ಪರಿಶೀಲಿಸ್ತೀವಿ’ ಎಂದು ಎದ್ದರಂತೆ. ಮೇಷ್ಟ್ರು ಮಾತ್ರ ಒಬ್ಬಟ್ಟನ್ನು ಒಂದು ಸಲ ಹಿಂತಿರುಗಿ ನೋಡಿದರಂತೆ. ಊರಿಗೆ ಬಂದ ಚಿಕ್ಕಪ್ಪ, ‘ನೋಡ್ತಿರವ್ವ, ಓಡ್ಕಂಡ್ ಬತ್ತಾರೆ’ ಎಂದು ನನ್ನ ತಲೆ ಸವರಿದರು.

ಯಾರೂ ಓಡಿಕೊಂಡು ಬರಲಿಲ್ಲ. ನಡೆದುಕೊಂಡೂ ಬರಲಿಲ್ಲ. ಕಬ್ಬು ಕಡಿದು ಆಲೆಮನೆ ಶುರುವಾಗುವ ಕಾಲ ಬಂತು, ಹೊನ್ನೂರಿನಿಂದ ಸುದ್ದಿಯಿಲ್ಲ. ಸಭೆ ಸೇರಿ ಎರಡನೆಯ ಸಿದ್ಧಾಂತವನ್ನು ಹೊರತೆಗೆಯಿತು: ಉತ್ತರವಿಲ್ಲ ಅಂದರೆ ಒಪ್ಪಿದ್ದಾರೆ. ನಾನು ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಅಳುತ್ತಿದ್ದೆ. ಈರುಳ್ಳಿ ಮುಗಿದ ಮೇಲೂ ಅಳುತ್ತಿದ್ದೆ. ಬೆಳಿಗ್ಗೆ ಭೂಪಟ ಒರೆಸುವಾಗ ಚಿಕ್ಕಪ್ಪ ಕೊರಿಯಾದ ಕತೆ ಹೇಳಿದರೆ ನಾನು ಹೂಂ ಅನ್ನುವುದನ್ನು ಬಿಟ್ಟೆ.

ಒಂದು ದಿನ ಬೆಲ್ಲದ ಗಾಡಿಯವನೊಬ್ಬ ಸುದ್ದಿ ತಂದ. ಹೊನ್ನೂರಿನವರು ಬಂಡಳ್ಳಿಯಲ್ಲಿ ಬೇರೆ ಹೆಣ್ಣು ನೋಡುತ್ತಿದ್ದಾರಂತೆ! ಸಭೆ ತುರ್ತಾಗಿ ಸೇರಿತು. ‘ಬಂಡಳ್ಳಿ ನಮ್ಮ ಮದರಾಸಿನೊಳಗೇ ಇದೆ, ಇದು ಆಂತರಿಕ ವಿಚಾರದಲ್ಲಿ ಹಸ್ತಕ್ಷೇಪ’ ಎಂದರು ಮೇಷ್ಟ್ರು. ಎರಡೂ ಕಡೆಯವರು ಎಲ್ಲೆ ಕಲ್ಲಿನ ಹತ್ತಿರ, ಯಾರ ನೆಲವೂ ಅಲ್ಲದ ಜಾಗದಲ್ಲಿ, ಸೇರಿ ಮಾತಾಡಬೇಕೆಂದು ನಿರ್ಣಯ ಬರೆಯತೊಡಗಿದರು. ಮಾದಪ್ಪನವರು, ‘ಇನ್ನೊಸಿ ದಿನ ಬೆನ್ನು ತಿರುಗ್ಸಿ ನೋಡವಾ’ ಎಂದರು. ಚಿಕ್ಕಪ್ಪ ಎದ್ದು ನಿಂತರು. ಅಡಿಗೆಮನೆಯ ಕಡೆ ನೋಡಿದರು. ರುಮಾಲು ತಲೆಗೆ ಹಾಕಿಕೊಂಡು, ತಜ್ಞರಿಬ್ಬರನ್ನೂ ಜಗಲಿಯ ಮೇಲೆ ಬಿಟ್ಟು ಬಸ್ಸಿಗೆ ನಡೆದರು.

ಎಲ್ಲೆ ಕಲ್ಲಿನ ಹತ್ತಿರ ಕಂಡಕ್ಟರು ಅಭ್ಯಾಸಬಲದಿಂದ ತಾನೇ ‘ಹೋಲ್ಡಾನ್’ ಅಂದನಂತೆ. ಚಿಕ್ಕಪ್ಪ ಕೂತಲ್ಲಿಂದ ಏಳಲಿಲ್ಲ. ‘ಓಗ್ಲಿ ನಡಿಯಪ್ಪ, ಒತ್ತಾಯ್ತದೆ’ ಎಂದರಂತೆ. ಇದನ್ನು ಆ ಕಂಡಕ್ಟರು ಬಹಳ ದಿನ ಬಸ್ಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಮುಂದಿನದನ್ನು ನನಗೆ ಹೇಳಿದ್ದು ನಮ್ಮತ್ತೆ, ಮದುವೆಯಾದ ಮೇಲೆ. ಹೌದು, ಮದುವೆ ಆಯಿತು, ಇಟಲಿ ಕೇಳಿದವನ ಜೊತೆಗೇ! ಮಟಮಟ ಮಧ್ಯಾಹ್ನ ಚಿಕ್ಕಪ್ಪ ಒಬ್ಬರೇ ಬಂದು ಅಂಗಳದಲ್ಲಿ ನಿಂತಿದ್ದರಂತೆ. ‘ಅಕ್ಕಯ್ಯ, ಅವತ್ತು ಎಲೆ ಮುಂದಿಂದ ಎದ್ದೋದೆ. ಇವತ್ತು ಒಂದು ಎಲೆ ಆಕ್ಬುಡಿ’ ಎಂದರಂತೆ.

ನಮ್ಮತ್ತೆಗೆ ಇನ್ನೂ ಸಿಟ್ಟು. ‘ಇವತ್ತು ಒಬ್ಬಟ್ಟು ಇಲ್ಲ. ಮುದ್ದೆ, ಉಪ್ಸಾರು ಅಷ್ಟೇಯ’ ಎಂದರು.

‘ಅದ್ನೇ ಇಕ್ಕಿ.’

ಮುದ್ದೆ ಮುರಿದು ಬಾಯಿಗಿಟ್ಟವರ ಕಣ್ಣಲ್ಲಿ ನೀರು ಇಳಿಯಿತಂತೆ. ‘ಖಾರ ಆಯ್ತಾ?’ ಎಂದು ಕೇಳಿದರು ಅತ್ತೆ.

‘ಖಾರ ಅಲ್ಲ ಕಣಕ್ಕಯ್ಯ. ಯೇಸ್ರಗತ್ತೆ ಮಾತು ಬರೀ ನೆವ. ಅವತ್ತು ಉಂಡ್ಬುಟ್ಟಿದ್ರೆ ಮಗೀನ ಕಳಿಸ್ಕೊಡಬೇಕಾಗಿತ್ತಲ್ಲ. ತುತ್ತು ಎತ್ತಕೆ ಕೈಯೇ ಬರ್ನಿಲ್ಲ. ಈಗ ಮನೇಲಿ ಅದು ನನ್ನ ಮಾತಿಗೆ ಹೂಂ ಅನ್ನದ್ನೇ ಬುಟ್ಬುಟ್ಟದೆ.’

ನಮ್ಮತ್ತೆ ಇನ್ನೊಂದು ಮುದ್ದೆ ತಂದು ಎಲೆಗೆ ಇಟ್ಟರಂತೆ. ಬಂಡಳ್ಳಿಯ ಮಾತು ಅಲ್ಲಿಗೇ ನಿಂತಿತು.

ಮದುವೆಯಾದ ಮೇಲೆ ಮೊದಲ ಹಬ್ಬಕ್ಕೆ ತವರಿಗೆ ಹೋದೆ. ಮಂಡಿ ಹಾಗೆಯೇ ಇತ್ತು, ತಜ್ಞರೂ ಹಾಗೆಯೇ ಕೂತಿದ್ದರು. ಚಿಕ್ಕಪ್ಪ ನನ್ನ ಕಡೆ ಬೆನ್ನು ತಿರುಗಿಸಿಕೊಂಡು ಅವರಿಗೆ ಏನೋ ವಿವರಿಸುತ್ತಿದ್ದರು. ನಾನು ಅಭ್ಯಾಸದಂತೆ ಒದ್ದೆ ಬಟ್ಟೆ ಹಿಡಿದು ಭೂಪಟದ ಹತ್ತಿರ ಹೋದೆ. ರಷ್ಯಾ ಚೊಕ್ಕಟ. ಅಮೆರಿಕ ಚೊಕ್ಕಟ. ಕೊರಿಯಾದಲ್ಲಿ ಒಂದು ಇರುವೆ ಕೂಡ ಇಲ್ಲ. ಇರುವೆಗಳೆಲ್ಲ ನಮ್ಮ ದೇಶದ ದಕ್ಷಿಣದಲ್ಲಿ ಒಂದೇ ಕಡೆ ಮುತ್ತಿಕೊಂಡಿದ್ದವು. ಬಾಯಿಂದ ಊದಿದೆ. ಅವು ಚೆದುರಿದ ಮೇಲೆ ಕಾಣಿಸಿತು, ಬೆಲ್ಲದಲ್ಲಿ ಮೂಡಿದ ಒಂದು ದಪ್ಪ ಹೆಬ್ಬೆರಳ ಗುರುತು. ಅದರ ಕೆಳಗೆ ಮದರಾಸೂ ಇರಲಿಲ್ಲ, ಮೈಸೂರೂ ಇರಲಿಲ್ಲ, ನಡುವಿನ ಗೆರೆಯೂ ಇರಲಿಲ್ಲ.

ಚಿಕ್ಕವ್ವ ಹಿಂದಿನಿಂದ ಬಂದು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡರು. ‘ಅದನ್ನ ಒರೆಸ್ಬ್ಯಾಡ ಕಣವ್ವ. ದಿನಾ ಮಂಡಿ ಬಾಗ್ಲು ತೆಗೆದೇಟ್ಗೆ ಅಲ್ಲಿ ಬೆಟ್ಟು ಮಡಗ್ತಾರೆ. ಮಗು ಉಂಡದೋ ಇಲ್ವೋ ಅಂತ ಕೇಳ್ತಾರೆ. ಆಮೇಲೇ ಕೊರಿಯಾ.’