ಅಜ್ಜ ತಂದ ಪುಸ್ತಕವನ್ನು ನಾನು ಮರಳಿಸಿದ್ದು

ಗ್ರಂಥಾಲಯಕ್ಕೆ ಪುಸ್ತಕ ಮರಳಿಸುವುದು ಅಂಥ ಘನಕಾರ್ಯವೇನಲ್ಲ. ಬಸ್ಸು ಹತ್ತಬೇಕು, ಕೊಡಬೇಕು, ಬರಬೇಕು. ಹೈದರಾಬಾದಿನಲ್ಲಿ ಕುಳಿತೇ ಅಮೆರಿಕದ ಕಂಪನಿಗಳ ಸಾಫ್ಟ್‌ವೇರ್ ರಿಪೇರಿ ಮಾಡುವ ನನಗೆ ಇದೊಂದು ಕೆಲಸವೇ? ಹಾಗೆಂದೇ ನಂಬಿದ್ದೆ!

ಮನೆಗೆ ಹೊಸದಾಗಿ ಕಂಪ್ಯೂಟರ್ ಬರುವುದಿತ್ತು. ಅದಕ್ಕೆ ಜಾಗ ಮಾಡಲು ನನ್ನ ಹೆಂಡತಿ ಶೈಲಾ ತೀರಿಹೋದ ಅಜ್ಜನ ಹಳೆಯ ಟ್ರಂಕು ಖಾಲಿ ಮಾಡಿದಳು. ತಳದಲ್ಲಿ ಜೇನು ಸಾಕಣೆಯ ಪುಸ್ತಕವೊಂದು ಸಿಕ್ಕಿತು. ನೊಣ ಕೂತರೂ ಗಾಬರಿಯಾಗುತ್ತಿದ್ದ ಅಜ್ಜ ಅದನ್ನೇಕೆ ತಂದರೋ, ದೇವರೇ ಬಲ್ಲ. ಮೊದಲ ಪುಟದಲ್ಲಿ ನಮ್ಮೂರಿನದೇ ನಾಂಪಲ್ಲಿ ಬಡಾವಣೆಯ ಕನ್ನಡ ಗ್ರಂಥಾಲಯದ ಮುದ್ರೆ!

ಅದನ್ನು ನೋಡಿ ಅಪ್ಪನ ಮುಖ ಸಣ್ಣದಾಯಿತು.

"ನಮ್ಮಪ್ಪ ಸಾಲಿ ಮಾಸ್ತರ. ಊರಿಗೆಲ್ಲ ನ್ಯಾಯ ಹೇಳಾಂವ. ಅಂಥಾವ ಲೈಬ್ರರಿ ಪುಸ್ತಕ ನುಂಗಿದ ಅನ್ನಿಸ್ಕೋಬೇಕೇನೋ? ನಾ ಕಣ್ಣು ಮುಚ್ಚೂದರಾಗ ಇದು ವಾಪಸ್ ಆಗಬೇಕು."

"ನಾಳೇನ ಕೊಟ್ಟು ಬರ್ತೀನಿ, ಬಿಡ್ರಿ ಅಪ್ಪ."

ಅಪ್ಪ ಅಂದು ಊಟಕ್ಕೂ ಏಳಲಿಲ್ಲ.

ಪುಸ್ತಕದ ಬೆನ್ನು ಕಿತ್ತುಹೋಗಿತ್ತು. ಹಾಗೆಯೇ ಕೊಟ್ಟರೆ ಮರ್ಯಾದೆಯೇ? ಧಾರಾಳವಾಗಿ ಗೋಂದು ಸುರಿದು, ಮೇಲೆ ಗ್ಯಾಸ್ ಸಿಲಿಂಡರ್ ಹೇರಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಪುಸ್ತಕ ಹಲಗೆಯಾಗಿತ್ತು! ಮೊದಲ ಪುಟವೊಂದೇ ತೆರೆಯುತ್ತಿತ್ತು.

"ಇದನ್ನ ಓದೋರು ಗರಗಸ ತರಬೇಕ್ರೀ," ಎಂದಳು ಶೈಲಾ.

ನಾಂಪಲ್ಲಿಯಲ್ಲಿ ಗ್ರಂಥಪಾಲರು ಪುಸ್ತಕದ ಹೆಸರು ಕೇಳಿ ಕಂಪ್ಯೂಟರ್ ಒತ್ತಿದರು.

"ಈ ಪುಸ್ತಕ ನಮ್ಮ ಕಂಪ್ಯೂಟರ್‌ದಾಗ ಇಲ್ಲರಿ."

"ಇದು ಕಂಪ್ಯೂಟರ್ ಹುಟ್ಟೂಕಿಂತ ಮೊದಲಿಂದ್ರಿ!"

"ಇಲ್ಲದ ಪುಸ್ತಕ ವಾಪಸ್ ಹೆಂಗ ತೊಗೊಳ್ಲಿ? ಸಿಸ್ಟಮ್ ಒಪ್ಪೂದಿಲ್ಲ."

ದಿನಾ ಆಫೀಸಿನಲ್ಲಿ ಗಿರಾಕಿಗಳಿಗೆ ನಾನು ಹೇಳುವ ಮಾತೇ ಅದು. ಏನೆಂದು ವಾದಿಸಲಿ? ದಾನವೆಂದಾದರೂ ಇಟ್ಟುಕೊಳ್ಳಿರೆಂದು ಗೋಗರೆದೆ. ಅವರು ಪುಟ ತಿರುವಲು ಎರಡು ಸಲ ಹೆಣಗಾಡಿ, ಹಲಗೆಯನ್ನು ನನ್ನ ಕಡೆಗೇ ತಳ್ಳಿದರು.

ವರಾಂಡದಲ್ಲಿ ಕುಸಿದು ಕುಳಿತೆ. ಇದನ್ನು ಮತ್ತೆ ಮನೆಗೆ ಒಯ್ದರೆ ಅಪ್ಪ ನಾಳೆಯೂ ಉಣ್ಣುವುದಿಲ್ಲ. ಆಗ ನನ್ನ ಮಹಾಮೆದುಳು ಕೆಲಸ ಮಾಡಿತು. ಒಳಗೆ ಹೋಗಿ ಕಪಾಟಿನಲ್ಲಿ ಸುಮ್ಮನೆ ಸೇರಿಸಿಬಿಟ್ಟರೆ? ಗ್ರಂಥಪಾಲರು ಊಟಕ್ಕೆ ಹೋಗುವವರೆಗೆ ಕಾದು, ಪುಸ್ತಕವನ್ನು ಅಂಗಿಯೊಳಗೆ ಅಡಗಿಸಿಕೊಂಡು ಒಳಹೊಕ್ಕೆ.

ಕೃಷಿ ವಿಭಾಗದ ಕಪಾಟು ಸಂಜೆಯ ಸಿಟಿ ಬಸ್ಸಿನಂತೆ ತುಂಬಿತ್ತು. ಒಂದು ಕೈಯಿಂದ ಜಾಗ ಮಾಡುತ್ತ, ಇನ್ನೊಂದರಿಂದ ಹೊಟ್ಟೆಯ ಪುಸ್ತಕ ಎಳೆದೆ. ಅಂಗಿಯ ಗುಂಡಿ ಹಾರಿತು. ಕಪಾಟಿನ ಸಾಲೆಲ್ಲ ದಡದಡ ಉರುಳಿತು! ಕಾವಲುಗಾರ ಓಡಿಬಂದು ತೋಳು ಹಿಡಿದ.

"ಕ್ಯಾ ಛುಪಾರೈಂ ಸಾಬ್?"

ಅಡಗಿಸುತ್ತಿಲ್ಲಪ್ಪ, ಇಡುತ್ತಿದ್ದೇನೆ ಎಂದು ನನಗೆ ಬಂದ ಹಿಂದಿಯಲ್ಲೆಲ್ಲ ಬೇಡಿಕೊಂಡೆ.

"ಪಕಡೇ ಸೋ ಸಬ್ ಐಸಾಚ್ ಬೋಲ್ತೇ!"

ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುತ್ತಾರಂತೆ!

ಗದ್ದಲ ಕೇಳಿ ಗ್ರಂಥಾಲಯದ ಕಾರ್ಯದರ್ಶಿಗಳು ಬಂದರು. ಮೊದಲ ಪುಟ ತೆರೆದರು.

"ನಮ್ಮದ ಮುದ್ರಿ! ಸಾಲದ್ದಕ್ಕ ಹಾಳೀನೆಲ್ಲಾ ಅಂಟಿಸೀರಲ್ರಿ! ಓದಿದ ಮನಷ್ಯಾ ಕಾಣ್ತೀರಿ, ನಾಚಿಕಿ ಬರೂದಿಲ್ಲೇನು?"

"ಗ್ರಂಥಪಾಲರು ಊಟ ಮುಗಿಸಿ ಬರಲಿ, ಕೇಳ್ರಿ. ನಾ ವಾಪಸ್ ಕೊಡಾಕ ಬಂದಿದ್ದು ಅವರಿಗೆ ಗೊತ್ತೈತಿ!"

"ಅವರು ಊಟಕ್ಕಲ್ರಿ, ಬೀದರಕ್ಕ ಹೋದ್ರು. ತಂಗಿ ಮದವಿ."

ನನ್ನ ಏಕೈಕ ಸಾಕ್ಷಿ ಊರು ಬಿಡುವುದನ್ನು ನಾನೇ ತಾಳ್ಮೆಯಿಂದ ಕಾದು ಕುಳಿತಿದ್ದೆ!

"ಖರೇ ಹೇಳ್ರಿ. ವಾಪಸ್ ಅಂದ್ರ ಮೊದಲ ಇದನ್ನ ಯಾರು ಒಯ್ದಿದ್ರು? ಇಲ್ಲಾಂದ್ರ ಪೊಲೀಸರನ್ನ ಕರೀತೀನಿ."

"ನಮ್ಮಜ್ಜ..." ಎಂದು ಬಾಯಿ ತೆರೆದೆ. ಅನ್ನ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದ ಅಪ್ಪ ನೆನಪಾದರು.

"ನಾನ ರೀ," ಎಂದೆ.

ತಪ್ಪೊಪ್ಪಿಗೆ ಬರೆಸಿಕೊಂಡರು. ಹಲಗೆಯಂಥ ಪುಸ್ತಕವನ್ನು ಎದೆಗವಚಿಕೊಂಡು ಒಳಗೆ ಒಯ್ದರು. ಅಂತೂ ಮರಳಿತು!

ಮನೆಯ ಬಾಗಿಲಲ್ಲೇ ಅಪ್ಪ ಕಾದಿದ್ದರು.

"ತೊಗೊಂಡ್ರೇನೋ?"

"ತೊಗೊಂಡ್ರು ಅಪ್ಪ."

"ನಮ್ಮಪ್ಪಗ ಏನಾರ ಅಂದ್ರೇನು?"

"ಅವರ ಸುದ್ದೀನ ಬರಲಿಲ್ರಿ."

ಅಪ್ಪ ಎಷ್ಟು ಹಗುರಾದರೆಂದರೆ, ಕೂತು ಹೊಟ್ಟೆ ತುಂಬ ರೊಟ್ಟಿ ತಿಂದರು. ಶೈಲಾ ನನ್ನ ಗುಂಡಿಯಿಲ್ಲದ ಅಂಗಿ ನೋಡಿ ಸೂಜಿ-ದಾರ ತಂದಿಟ್ಟಳು. ನನ್ನ ಕಣ್ಣು ತೇವವಾಯಿತು. ಇಲ್ಲಿಗೇ ಮುಗಿದಿದ್ದರೆ ನಾನು ವಂಶೋದ್ಧಾರಕನೇ ಆಗಿಬಿಡುತ್ತಿದ್ದೆ.

ಅಪ್ಪ ಕೈತೊಳೆದುಕೊಂಡು ಬಂದು ಹೇಳಿದರು: "ಭಾಳ ದೊಡ್ಡ ಮಂದಿ ಅವರು. ನಾಳೆ ನಾನೂ ಬರ್ತೀನಿ. ಕೈ ಮುಗದು ಬರೂಣು."

ನನ್ನ ತಪ್ಪೊಪ್ಪಿಗೆಯನ್ನು ಗ್ರಂಥಾಲಯದ ಬಾಗಿಲಿಗೇ ಅಂಟಿಸಿದ್ದಾರೆ. ದೊಡ್ಡ ಅಕ್ಷರ, ನನ್ನ ಸಹಿ. ಅಪ್ಪನೋ, ಬೀದಿಯ ಬೋರ್ಡುಗಳನ್ನೂ ಬಿಡದೆ ಓದುವವರು.

ಈಗ ಅವರು ಕನ್ನಡಕಕ್ಕಾಗಿ ಮನೆಯೆಲ್ಲ ಹುಡುಕುತ್ತಿದ್ದಾರೆ. ಅದು ನನ್ನ ಜೇಬಿನಲ್ಲಿದೆ.

ಹೌದು ಸ್ವಾಮಿ, ಇದನ್ನು ಮಾತ್ರ ನಿಜವಾಗಿಯೂ ಕದ್ದಿದ್ದೇನೆ!