ಐವತ್ತರಾಗ ಒಂದು ಪಾಲು

ಯಲ್ಲಾಲಿಂಗ: ತೊಳದಿ? ಖರೇನ ತೊಳದಿ?

ನಂದಾ: ತೊಳದ್ನಿ ಅಂತ ಎಷ್ಟ ಸಲ ಹೇಳ್ಲಿ? ಹುಣಸಿಹಣ್ಣ ಹಚ್ಚಿ, ಬೂದಿ ಹಚ್ಚಿ, ಬಿಸಿನೀರಾಗ ಅದ್ದಿ ತಿಕ್ಕೇನಿ. ದೇವರ ಸಾಮಾನಿಗೂ ಇಷ್ಟ ಕಷ್ಟಾ ಪಟ್ಟಿಲ್ಲ ನಾ.

ಯಲ್ಲಾಲಿಂಗ: ಅದರ ಮ್ಯಾಲಿನ ಕೆಸರ?

ನಂದಾ: ಹೋತು.

ಯಲ್ಲಾಲಿಂಗ: ಬಕೆಟ್ಟಿನ ಜಂಗ?

ನಂದಾ: ಅದೂ ಹೋತು.

ಯಲ್ಲಾಲಿಂಗ: ಬಲಗಡೆ ಎಣ್ಣಿ ಸೋರಿದ ಕಲಿ ಇತ್ತಲ್ಲಾ, ಅದಾರ ಉಳದೈತೇನ?

ನಂದಾ: ಅದೊಂದ ಭಾಳ ಗಟ್ಟಿ ಇತ್ತ ನೋಡ್ರಿ. ಉಗರಿಲೆ ಕೆರದ ತಗದ್ನಿ.

ಹೀಗೆನ್ನುವಾಗ ನಂದಾಳ ಮುಖದಲ್ಲಿ ದೊಡ್ಡ ಕೆಲಸ ಮುಗಿಸಿದವರ ಸಮಾಧಾನವಿತ್ತು. ಅವಳ ಗಂಡ ಯಲ್ಲಾಲಿಂಗ ಆಗಲೇ ಒಣಗಿದ್ದ ತಲೆಯನ್ನು ಟಾವೆಲ್ಲಿನಿಂದ ಮತ್ತೊಮ್ಮೆ ಒರೆಸಿಕೊಂಡ. ಅಂದು ಖಂಡೆ ಪೂಜೆ, ಅಂದರೆ ಆಯುಧಪೂಜೆ. ಗೋಕಾಕದ ಅಂಗಡಿ ಅಂಗಡಿಯ ಮುಂದೆ ಗಾಡಿಗಳು ಮಾಲೆ ಹಾಕಿಸಿಕೊಳ್ಳುವ ಹೊತ್ತು. ಅವನು ಜಳಕ ಮುಗಿಸಿ, ಹಣೆಗೆ ವಿಭೂತಿ ಎಳೆದುಕೊಂಡು ಪಡಸಾಲೆಗೆ ಬಂದರೆ, ಪೂಜೆಯ ಮಣೆಯ ಮೇಲೆ ಅವನ ಬ್ರಷ್ಷುಗಳು, ಅವಳ ಈಳಿಗೆ, ಕತ್ತರಿ, ಇವುಗಳ ನಡುವೆ ಗೇಣಿಗಿಂತ ಚಿಕ್ಕದಾದ ಒಂದು ಹಳದಿ ಜೆಸಿಬಿ ಕುಂಕುಮ ಹಚ್ಚಿಕೊಂಡು ಪಳಪಳ ಹೊಳೆಯುತ್ತಿತ್ತು.

ಯಲ್ಲಾಲಿಂಗ ನಂಬರ್ ಪ್ಲೇಟ್ ಬರೆಯುವ ಪೇಂಟರ್. ಕಸುಬು ಅದು, ಹುಚ್ಚು ಬೇರೆ. ನೆಲ ಅಗೆಯುವ, ರಸ್ತೆ ತುಳಿಯುವ, ಮಣ್ಣು ಹೊರುವ ಯಂತ್ರಗಳ ಡೈಕಾಸ್ಟ್ ಮಾಡೆಲ್‌ಗಳನ್ನು, ಅಂದರೆ ಲೋಹದಲ್ಲಿ ಎರಕ ಹೊಯ್ದ ಪುಟ್ಟ ಪ್ರತಿರೂಪಗಳನ್ನು, ಎಲ್ಲೆಲ್ಲಿಂದಲೋ ತರಿಸಿ ಕಪಾಟು ತುಂಬಿಸುವುದು. ತರಿಸಿ ಸುಮ್ಮನಿದ್ದಿದ್ದರೆ ನಂದಾಳದೂ ತಕರಾರಿರಲಿಲ್ಲ. ಊರೆಲ್ಲ ಹಳೆಯದನ್ನು ಹೊಸದಾಗಿ ಕಾಣಿಸಲು ಒದ್ದಾಡುತ್ತಿದ್ದರೆ ಈ ಮಹಾರಾಯ ಹೊಚ್ಚಹೊಸದನ್ನು ಹಳೆಯದು ಮಾಡಲು ರಜೆಯ ದಿನವೆಲ್ಲ ಕಣ್ಣು ಕೀಲಿಸಿ ಕೂರುತ್ತಿದ್ದ. ಕಾವಿಯಿಂದ ತುಕ್ಕಿನ ಜಂಗು, ದೀಪದ ಮಸಿಯಿಂದ ಹೊಗೆ, ಸೋಸಿದ ಹೂಳಿನಿಂದ ಕೆಸರು. ನೋಡಿದವರು ಆಟಿಗೆ ಸಾಮಾನು ಎಂದು ನಕ್ಕು ಹೋಗುತ್ತಿದ್ದರು. ನಗುವವರ ಸಾಲಿನಲ್ಲಿ ನಂದಾಳೇ ಮೊದಲಿಗಳು.

ಈಗ ಮೊದಲ ಬಾರಿಗೆ ಒಬ್ಬರು, ಹುಕ್ಕೇರಿಯ ಗುತ್ತಿಗೆದಾರ ಶಿವಾನಂದ, ತಾವಾಗಿಯೇ ಕೇಳಿ ಒಂದನ್ನು ಮಾಡಿಸಿದ್ದರು. ಅವರ ಹಳೆಯ ಜೆಸಿಬಿ ಹೋದ ವರ್ಷ ಗುಜರಿ ಸೇರಿತ್ತು. ಅದನ್ನು ಕೊಂಡ ದಿನದಿಂದ ಕೊನೆಯ ದಿನದವರೆಗೂ ಹಿಡಕಲ್ ಕಾಲುವೆಯ ಕೆಲಸದಲ್ಲಿ ಓಡಿಸಿದವನು ಮೂಡಲಗಿಯ ಸತ್ತೆಪ್ಪ. ಅವನಿಗೆ ಅದೇ ಗಾಡಿಯ ಪುಟ್ಟ ರೂಪವನ್ನು ಹಬ್ಬದ ದಿನ ಕೊಟ್ಟು ಬೆರಗುಗೊಳಿಸಬೇಕೆಂಬುದು ಶಿವಾನಂದರ ಆಸೆ. ಸತ್ತೆಪ್ಪ ನೋಡಿ ಗುರುತು ಹಿಡಿದರೆ ಯಲ್ಲಾಲಿಂಗ ಕಲಾವಿದ. ಹಿಡಿಯದಿದ್ದರೆ ಜನ ಅಂದದ್ದೇ ನಿಜವಾಗುತ್ತಿತ್ತು.

ಯಲ್ಲಾಲಿಂಗ: ಆ ಕೆಸರ ಎಲ್ಲಿದು ಗೊತ್ತೈತೇನ ನಿಂಗ? ಹಿಡಕಲ್ ಕಾಲಿವಿ ಹೂಳ! ಖುದ್ದ ಹೋಗಿ ತಂದ, ಒಣಗಿಸಿ, ಕುಟ್ಟಿ, ಅರಬಿಯಾಗ ಸೋಸಿ ಹಚ್ಚಿದ್ನಿ.

ನಂದಾ: ಯಾ ಅರಬಿಯಾಗ? ಹಾಲ ಸೋಸೂ ಅರಬಿಯಾಗ?

ಯಲ್ಲಾಲಿಂಗ: ಅದೀಗ ಮುಖ್ಯ ಅಲ್ಲ.

ನಂದಾ: ಯಾಕ ಅಲ್ಲ? ಅಂದ್ರ ಇಷ್ಟ ದಿನಾ ಚಾದಾಗ ನಾವು ಕಾಲಿವಿ ಕುಡದೇವಿ.

ಯಲ್ಲಾಲಿಂಗ: ಮ್ಯಾಲ ವಾರ್ನಿಷ್ ಹಚ್ಚೂದೊಂದ ಬಾಕಿ ಇತ್ತ. ಹಚ್ಚಿದ್ರ ಕೆಸರ ಗಟ್ಟಿ ಕುಂದರತಿತ್ತ. ಒಂದ ತಾಸ ತಡದಿದ್ರ ನಿನ್ನ ಗಂಟೇನ ಹೋಗ್ತಿತ್ತ?

ನಂದಾ: ಹೊಲಸ ಗಟ್ಟಿ ಮಾಡಾಕ ವಾರ್ನಿಷ್ ಬ್ಯಾರೆ! ಅಲ್ರೀ, ಖಂಡಿ ಪೂಜಾಕ್ಕ ಯಾರಾರ ಹೊಲಸ ಗಾಡಿ ಇಡ್ತಾರೇನ? ಬಾಜೂ ಮನಿ ಕಾಡವ್ವ ಮುರಕ ಕುಡಗೋಲ ಸೈತ ತಿಕ್ಕಿ ತಿಕ್ಕಿ ಕನ್ನಡಿ ಮಾಡ್ಯಾಳ.

ಯಲ್ಲಾಲಿಂಗ: ಇದನ್ನ ಪೂಜಾಕ್ಕ ಇಡು ಅಂತ ನಿಂಗ ಹೇಳಿದಾವ್ರ ಯಾರ? ಇಷ್ಟ ವರ್ಷ ಆಟಿಗಿ ಆಟಿಗಿ ಅಂತಿದ್ದಿ. ಇವತ್ತ ಒಮ್ಮಿಂದೊಮ್ಮೆ ಭಕ್ತಿ ಎಲ್ಲಿಂದ ಬಂತ?

ನಂದಾ: ಅದನ್ನ ಹೇಳಾಕ ಬಾಯಿ ತಗದ್ರ ಬಿಡಾಕ ಒಲ್ರಿ. ಒಂದೀಟ ಬಗ್ಗಿ ಗಾಲಿ ಬುಡಕ ನೋಡ್ರಿ.

ಯಲ್ಲಾಲಿಂಗ: ಬುಡಕ ಏನ ನೋಡ್ಲಿ? ಮ್ಯಾಲಿಂದೆಲ್ಲಾ ಬಚ್ಚಲ ಪಾಲಾದ ಮ್ಯಾಲ ಬುಡಕ ಏನ ಉಳದಿರತೈತಿ?

ನಂದಾ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹಿತ್ತಲಿಗೆ ಹೋದವಳು ಒಂದು ತೆಂಗಿನ ಕರಟದ ತುಂಬ ಕೆಸರು ತಂದು ಗಂಡನ ಮುಂದೆ ಇಟ್ಟಳು.

ನಂದಾ: ತಗೋರಿ. ಎಮ್ಮಿ ಕಟ್ಟೂ ಜಾಗಾದ್ದು. ಅಗದೀ ತಾಜಾ ಐತಿ.

ಯಲ್ಲಾಲಿಂಗ: ಏ ಪುಣ್ಯಾತಗಿತ್ತಿ! ಈ ಗಾಡಿ ಖರೆ ಗಾಡೀಗಿಂತ ಐವತ್ತರಾಗ ಒಂದ ಪಾಲ ಐತಿ. ಈ ಹರಳ ನೋಡ. ನಿನಗ ಹರಳು, ಇದಕ್ಕ ಕುರಿಯಷ್ಟ ಬಂಡಿಗಲ್ಲು. ಈ ಹುಲ್ಲಕಡ್ಡಿ ಅಂದ್ರ ಕರೆಂಟ ಕಂಬ. ಇನ್ನ ಈ ಶಗಣಿ ಅಂತೂ…

ನಂದಾ: ಗೋಕಾಕ ಗುಡ್ಡ.

ಯಲ್ಲಾಲಿಂಗ: ನಗಬ್ಯಾಡ! ಎಲ್ಲಾದಕ್ಕೂ ಅಳತಿ ಬೇಕ. ಕೆಸರಿಗೂ ಅಳತಿ ಬೇಕ!

ನಂದಾ: ಹಂಗಾರ ನಿಮ್ಮ ಸಿಟ್ಟಿಗೂ ಅಳತಿ ಇರ್ಲಿ. ಅದನ್ನೂ ಐವತ್ತರಾಗ ಒಂದ ಪಾಲ ಮಾಡ್ರಿ. ಗಾಡಿ ನೋಡಿದ್ರ ಇಷ್ಟ ಸಣ್ಣದ, ಒದರೂದ ಗೋಕಾಕ ಫಾಲ್ಸ್ ತನಕ ಕೇಳಾಕತ್ತೈತಿ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಶಿವಾನಂದರದು.

ಶಿವಾನಂದ (ಫೋನಿನಲ್ಲಿ): ಯಲ್ಲಾಲಿಂಗಾ, ಸತ್ತೆಪ್ಪ ಇಲ್ಲೆ ಹುಕ್ಕೇರ್ಯಾಗ ನಮ್ಮ ಗಾಡಿ ಪೂಜಾ ಮುಗಿಸಿ ಆಗಲೇ ಹೊಂಟಾನ. ಊರಿಗಿ ಹೋಗೂ ಮುಂದ ನಿನ್ನ ಕಡಿಂದ ಒಂದ ನಂಬರ್ ಪ್ಲೇಟ್ ಒಯ್ಯಿ ಅಂತ ಸುಳ್ಳ ಹೇಳೇನಿ. ಬಂದ ಕೂಡ್ಲೆ ಕೈಯಾಗ ಕೊಡ. ಕೆಸರ ಬರೊಬ್ಬರಿ ಬಂದೈತಲ್ಲಾ?

ಯಲ್ಲಾಲಿಂಗ: ಕೆಸರ್ರೀ… ಕೆಸರ ಏನ ಕೇಳ್ತೀರಿ ಸಾಹೇಬ್ರ, ಅಗದೀ ಹಿಡಕಲ್ಲ ಕಂಡಂಗ ಇತ್ರಿ.

ಶಿವಾನಂದ: ಹಾಂ, ಕೆಸರೊಂದ ಇರಬೇಕ ನೋಡ. ಕೆಸರ ಇಲ್ಲಂದ್ರ ಅದು ನಮ್ಮ ಗಾಡೀನ ಅಲ್ಲ. ನಾ ಕಂಡಾಗೆಲ್ಲಾ ಕೆಸರಾಗ ಇರ್ತಿತ್ತ.

ಫೋನ್ ಇಟ್ಟವನೇ ಯಲ್ಲಾಲಿಂಗ ಕಾವಿಯ ಡಬ್ಬಿ ಹುಡುಕಿದ, ಸಿಗಲಿಲ್ಲ. ಮಸಿಯ ಬಟ್ಟಲು ಹುಡುಕಿದ. ಹಬ್ಬಕ್ಕೆಂದು ನಂದಾ ಅದನ್ನೂ ತಿಕ್ಕಿ ಬೋರಲು ಹಾಕಿದ್ದಳು. ಅಳುವುದೊಂದು ಬಾಕಿ ಅವನಿಗೆ.

ನಂದಾ: ಕಾಡಿಗಿ ಡಬ್ಬಿ ಕೊಡ್ಲಿ? ಜಂಗ ಆಗದಿದ್ರೂ ದೃಷ್ಟಿ ಬೊಟ್ಟರ ಆಕ್ಕೈತಿ.

ಯಲ್ಲಾಲಿಂಗ: ಜಗತ್ತಿನ್ಯಾಗ ಯಾರಾರ ಜೆಸಿಬಿಗಿ ಬೂದಿ ಹಚ್ಚಿ ತಿಕ್ಕತಾರೇನ, ನಂದಾ!

ಈ ಕೂಗು ಮುಗಿಯುವುದಕ್ಕೂ ಬಾಗಿಲಲ್ಲಿ ಸತ್ತೆಪ್ಪ ಚಪ್ಪಲಿ ಕಳಚುವುದಕ್ಕೂ ಸರಿಹೋಯಿತು. ತಲೆಗೆ ಬಿಳಿ ಪಟಕಾ, ಹಣೆಯಲ್ಲಿ ಬೆಳಗಿನ ಪೂಜೆಯ ಭಂಡಾರದ ಅರಿಶಿನ. ಕೊನೆಯ ಮಾತು ಮಾತ್ರ ಅವನ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು.

ಸತ್ತೆಪ್ಪ: ಏನಂದಿ? ನಂದವ್ವ ಜೆಸಿಬಿ ತಿಕ್ಕಿದ್ಲಾ? ಒಬ್ಬಾಕಿನ?

ನಂದಾ: ಬರ್ರಿ ಕಾಕಾ. ಹೌದ್ರಿ, ಬಚ್ಚಲದಾಗ ಕುಂತ ತಿಕ್ಕಿದ್ನಿ.

ಸತ್ತೆಪ್ಪ: ಕುಂತ? ನಾವು ನಿಚ್ಚಣಿಕಿ ಹಚ್ಚಿ, ಪೈಪ್ ಹಿಡದ, ಇಬ್ಬರ ಗಂಡಸರ ಬಡದಾಡ್ತಿದ್ದಿವಿ ಯವ್ವಾ! ನೀರಿಗಿ ಏನ ಮಾಡಿದ್ರಿ? ಟ್ಯಾಂಕರ್ ತರಿಸಿದ್ರಿ?

ನಂದಾ: ಇಲ್ರಿ. ಒಂದ ತಂಬಿಗಿ ಸಾಕಾತ್ರಿ.

ಸತ್ತೆಪ್ಪ ಅಲ್ಲೇ ಹೊಸ್ತಿಲ ಬಳಿ ಗೋಡೆಗೆ ಕೈ ಕೊಟ್ಟು ನಿಂತ.

ಸತ್ತೆಪ್ಪ: ಯಲ್ಲಾಲಿಂಗಾ, ಈಕಿ ಕಾಲಿಗಿ ಬೀಳಬೇಕೋ. ಗಾಡಿ ಎಲ್ಲಿ ನಿಲ್ಲಿಸಿರಿ? ಓಣ್ಯಾಗ ಕಾಣಲಿಲ್ಲ.

ಯಲ್ಲಾಲಿಂಗ: ಒಳಗ ಐತ್ರಿ ಕಾಕಾ.

ಸತ್ತೆಪ್ಪ: ಜೆಸಿಬಿ ಒಳಗ? ಗ್ವಾಡಿ ಒಡದ ಒಯ್ದಿರೇನೋ?

ನಂದಾ: ಪೂಜಾ ಮಣಿ ಮ್ಯಾಲ ಇಟ್ಟೇವ್ರಿ.

ಇವರ ಮನೆಯಲ್ಲಿ ಯಾರಿಗೋ ಬುದ್ಧಿ ಕೆಟ್ಟಿದೆ ಎಂದು ಸತ್ತೆಪ್ಪ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದ. ನೋಡುತ್ತ ನೋಡುತ್ತ ಒಳಗೆ ಬಂದ. ಮಣೆಯ ಮುಂದೆ ಬಂದು ನಿಂತ. ಗಾಡಿಯನ್ನು ನೋಡಿದವನೇ ನಿಧಾನ ಮೊಣಕಾಲೂರಿ ಕುಳಿತ. ಬಾಗಿದ ಮೆಟ್ಟಿಲು, ಬಕೆಟ್ಟಿನಲ್ಲಿ ಉಳಿದವಕ್ಕಿಂತ ಗಿಡ್ಡಾದ ಒಂದು ಹಲ್ಲು, ಕ್ಯಾಬಿನ್ನಿನ ನೆತ್ತಿಯ ಮೇಲೆ ಒಂದೇ ಕೂದಲ ಬ್ರಷ್ಷಿನಿಂದ ಬರೆದ 'ಭರಮವ್ವ' ಎಂಬ ಹೆಸರು. ಇವು ಹುಣಸೆಹಣ್ಣಿಗೂ ಜಗ್ಗಿರಲಿಲ್ಲ.

ಯಲ್ಲಾಲಿಂಗ: ಕಾಕಾ, ತಪ್ಪ ತಿಳೀಬ್ಯಾಡ್ರಿ. ನಿಮಗ ಕೊಡಾಕ ಅಂತ ಸಾಹೇಬ್ರ ಹೇಳಿ ಮಾಡಿಸ್ಯಾರ, ಕೆಸರ ಇರಬೇಕ ಅಂದಿದ್ರ. ಇದು ಹಿಂಗ ಇರಲಿಲ್ರಿ. ನಾ ಭರಮವ್ವಗ ಬರೊಬ್ಬರಿ ಕೆಸರ ಹಚ್ಚಿದ್ನಿ…

ಸತ್ತೆಪ್ಪ: ಯಾರಿಗಿ ಕೆಸರ ಹಚ್ಚಿದ್ದಿ?

ಯಲ್ಲಾಲಿಂಗ: ಭರಮವ್ವಗ್ರಿ.

ಸತ್ತೆಪ್ಪ: ಭರಮವ್ವ ಅಂದ್ರ ಯಾರ ಗೊತ್ತೈತೇನ? ನಮ್ಮ ಹಡದವ್ವ.

ದೊಡ್ಡ ಗಾಡಿಯ ಮೇಲೂ ಆ ಹೆಸರು ಬರೆದುಕೊಟ್ಟವನು ಯಲ್ಲಾಲಿಂಗನೇ. ಯಾವುದೋ ಊರಿನ ದೇವಿಯಿರಬೇಕೆಂದು ಇಲ್ಲಿಯವರೆಗೆ ತಿಳಿದಿದ್ದ.

ಸತ್ತೆಪ್ಪ: ಹಗಲೆಲ್ಲಾ ಕೆಸರಾಗ ದುಡಿತಿದ್ಲು, ಖರೆ. ಹೊತ್ತ ಮುಳಗಿದ ಮ್ಯಾಲ ಅಕಿ ಮೈ ತೊಳದ, ಅರಬಿಲೆ ಒರಸಿನ ನಾ ಮನೀಗಿ ಹೋಗ್ತಿದ್ನಿ. ಅವ್ವನ ಹೆಸರ ಬರಸಿ ಹೊಲಸ ಬಿಡಾಕ ಆಕ್ಕೈತೇನ? ಸಾಹೇಬ್ರ ಹಗಲ ಹೊತ್ತಿನ್ಯಾಗ ಜೀಪ್ ತಗೊಂಡ ಬಂದ ಹೋಗಾವ್ರ. ಅವ್ರ ಕಂಡದ್ದ ಕೆಸರ. ನಾ ಕಂಡದ್ದ ಇದು. ಬರೊಬ್ಬರಿ ಇದ ನೋಡ!

ಅವನು ಪಟಕಾದ ತುದಿಯಿಂದ ಕಣ್ಣೊರೆಸಿಕೊಂಡ. ಅದೇ ತುದಿಯಿಂದ ಗಾಡಿಯ ಗಾಜನ್ನೂ ಒರೆಸಿದ, ಅಲ್ಲಿ ಒರೆಸುವುದು ಏನೂ ಉಳಿದಿರಲಿಲ್ಲವಾದರೂ. ಆಮೇಲೆ ಇನ್ನಷ್ಟು ಬಗ್ಗಿದ.

ಸತ್ತೆಪ್ಪ: ಇವೇನ ಗಾಲಿ ಬುಡಕ? ಸಾಸಿವಿ ಕಾಳ ಬಿದ್ದಾವಲ್ಲಾ. ಒಗ್ಗರಣಿ ಇಲ್ಲೀ ತನಕ ಸಿಡಿತೇನ?

ನಂದಾ: ಅವು ಸಾಸಿವಿ ಅಲ್ರಿ ಕಾಕಾ. ನಿಂಬಿಹಣ್ಣ.

ಗಂಡಸರಿಬ್ಬರೂ ಅವಳ ಕಡೆ ತಿರುಗಿದರು.

ನಂದಾ: ಗಾಡಿ ಪೂಜಾ ಅಂದ ಮ್ಯಾಲ ಗಾಲಿಗೊಂದ ನಿಂಬಿಹಣ್ಣ ಬೇಕಲ್ರಿ? ಖರೆ ನಿಂಬಿಹಣ್ಣ ಇಟ್ಟ ನೋಡಿದ್ನಿ, ಗಾಡೀನ ಮಗಚಿ ಬಿತ್ತ. ಐವತ್ತರಾಗ ಒಂದ ಪಾಲ ಅಂತ ಇವ್ರ ಯಾವಾಗ್ಲೂ ಜಪಾ ಮಾಡತಿರ್ತಾರಲ್ರಿ, ಅಡಗಿ ಮನ್ಯಾಗಿನ ಡಬ್ಬಿ ಡಬ್ಬಿ ಹುಡಕಿದ್ನಿ. ಅಕ್ಕಿ ಉದ್ದ ಆತು, ಮೆಣಸ ದೊಡ್ಡದಾತು. ಸಾಸಿವಿ ಬರೊಬ್ಬರಿ ಆತು. ಬಗ್ಗಿ ನೋಡ್ರಿ ಅಂದ್ರ ಇವ್ರ ನೋಡ್ಲಿಲ್ಲ.

ಯಲ್ಲಾಲಿಂಗ ಈಗ ಬಗ್ಗಿದ. ನಾಲ್ಕು ಗಾಲಿಗೆ ನಾಲ್ಕು ಸಾಸಿವೆ ಕಾಳು, ಒಂದೊಂದರ ನೆತ್ತಿಗೂ ಸೂಜಿಮೊನೆಯಷ್ಟು ಕುಂಕುಮ. ಅಷ್ಟು ಸಣ್ಣ ಚುಕ್ಕೆ ಇಡುವುದು ಎಷ್ಟು ಕಷ್ಟವೆಂದು ಆ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಸಂತೋಷವೇ ಒಂದು ಕೈ ಹೆಚ್ಚು.

ಯಲ್ಲಾಲಿಂಗ: ಯಾ ಬ್ರಷ್ಷಿಲೆ ಕುಂಕುಮ ಹಚ್ಚಿದಿ?

ನಂದಾ: ನಿಮ್ಮ ಒಂದ ಕೂದಲದ್ದರ್ಲೆ. ತೊಳದ ಇಟ್ಟೇನಿ ಮತ್ತ.

ಸತ್ತೆಪ್ಪ: ನಿಂಬಿಹಣ್ಣಿಂದ ಆತು. ಕುಂಬಳಕಾಯಿ ಒಡೀಲಾರದ ಗಾಡಿ ಹೊಂಡಾಂಗಿಲ್ಲ ನಂದವ್ವಾ.

ನಂದಾ ಒಳಗೆ ಹೋಗಿ ಬಂದು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಕುಂಕುಮ ಹಚ್ಚಿದ ಒಂದೇ ಒಂದು ಹಸಿ ಬಟಾಣಿ ಕಾಳು. ಸತ್ತೆಪ್ಪ ಅದನ್ನು ಎರಡೂ ಕೈಯಲ್ಲಿ ಭಾರವಾದದ್ದನ್ನು ಹಿಡಿದಂತೆ ಹಿಡಿದು ಗಾಡಿಗೆ ನಿವಾಳಿಸಿದ, ಹೊಸ್ತಿಲಾಚೆ ಇಟ್ಟು ಹೆಬ್ಬೆರಳಿನಿಂದ ಒಡೆದ. ಬಂದು ಒಂದು ಬೆರಳಿನಿಂದ ಗಾಡಿ ನೂಕಿದ. ನಿಂಬೆಹಣ್ಣುಗಳು ಒಡೆಯಲಿಲ್ಲ, ಒಂದು ಸಿಡಿದು ಯಲ್ಲಾಲಿಂಗನ ಮೂಗಿಗೆ ಬಡಿಯಿತು.

ಸತ್ತೆಪ್ಪ: ಸುಮ್ನಿರು, ಗಾಡಿ ಮುಂದ ನಿಂತದ್ದ ನಿನ್ನ ತಪ್ಪ.

ಊಟ ಮಾಡದೆ ಹೋಗಕೂಡದೆಂದು ನಂದಾ ಪಟ್ಟು ಹಿಡಿದಳು. ಸತ್ತೆಪ್ಪ ಭರಮವ್ವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಕುಳಿತ. ಅವನ ತಾಟಿಗೆ ಅಂಚು ದಾಟುವಂಥ ಹೋಳಿಗೆ ಬಿತ್ತು, ಮೇಲೆ ತುಪ್ಪದ ಧಾರೆ. ಯಲ್ಲಾಲಿಂಗನ ತಾಟಿನ ನಟ್ಟನಡುವೆ ಅಂಗಿಯ ಗುಂಡಿಯಷ್ಟು ಅಗಲದ ಏನೋ ಒಂದು ಬಂದು ಕುಳಿತಿತು.

ಯಲ್ಲಾಲಿಂಗ: ಇದೇನ ಇದು?

ನಂದಾ: ಹೋಳಿಗಿ. ಎಲ್ಲಾದಕ್ಕೂ ಅಳತಿ ಬೇಕ ಅಂದಾವ್ರ ನೀವಲ್ಲಾ?

ಸತ್ತೆಪ್ಪ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕು ಕೆಮ್ಮಿದ. ಯಲ್ಲಾಲಿಂಗ ಸೋಲುವವನಲ್ಲ. ತಾಟನ್ನು ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಮಾಡೆಲ್ ನೋಡುವ ಗತ್ತಿನಲ್ಲೇ ಸುತ್ತ ತಿರುಗಿಸಿ ನೋಡಿದ.

ಯಲ್ಲಾಲಿಂಗ: ಬಣ್ಣ ಬರೊಬ್ಬರಿ ಬಂದೈತಿ. ಅಂಚಿಗಿ ಒಂದೀಟ ಹೊತ್ತಿದ ಕಲಿ ಬೇಕಿತ್ತ ನೋಡ, ಆಗ ಖರೆ ಹೋಳಿಗಿ ಅನಸ್ತಿತ್ತ.

ನಂದಾ: ಇತ್ರಿ. ತಿಕ್ಕಿ ತಗದ್ನಿ.